ಚೆರ್ರಿ ಎಂದರೆ ಯಾವ ಚೆರ್ರಿ? ಕಾಫಿ ದರಪಟ್ಟಿಯ ಇಂಗ್ಲಿಷ್ ಪದಗಳನ್ನು ಓದುವ ಬಗೆ

ಕೊಡಗಿನ ಸಿದ್ದಾಪುರದಲ್ಲೋ ಗೋಣಿಕೊಪ್ಪದಲ್ಲೋ ಕಾಫಿ ಕೊಳ್ಳುವ ಅಂಗಡಿಯಲ್ಲಿ ‘ಚೆರ್ರಿಗೆ ಇವತ್ತು ಎಷ್ಟು?’ ಎಂದು ಕೇಳಿದರೆ, ಕಣದಲ್ಲಿ ಸಿಪ್ಪೆಯ ಸಮೇತ ಒಣಗಿದ ಕಾಫಿಯ ದರ ಹೇಳುತ್ತಾರೆ. ಇಂಗ್ಲಿಷ್ ಪುಸ್ತಕದಲ್ಲಿ ಅದೇ ಪದಕ್ಕೆ ಗಿಡದಲ್ಲಿರುವ ಕೆಂಪು ಹಣ್ಣು ಎಂಬ ಅರ್ಥ. ರಫ್ತಿನ ದರಪಟ್ಟಿಯಲ್ಲಿ ‘ರೋಬಸ್ಟಾ ಚೆರ್ರಿ ಎಬಿ’ ಎಂದಿದ್ದರೆ ಅದು ಸಿಪ್ಪೆ ಬಿಡಿಸಿ, ಜರಡಿ ಹಿಡಿದ ಬೀಜ (ರೋಬಸ್ಟಾ, ಅರೇಬಿಕಾ ಕಾಫಿಯ ಎರಡು ಜಾತಿಗಳು). ಪದ ಒಂದೇ, ಸರಕು ಮೂರು. ತೋಟದ ಲೆಕ್ಕವನ್ನು ಹೊಸದಾಗಿ ಕೈಗೆತ್ತಿಕೊಂಡವರು ಮೊದಲು ಎಡವುವುದು ಇಲ್ಲೇ. ಎಡವಿದರೆ ಹೋಗುವುದು ದುಡ್ಡು.

ಪದಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಹಣ್ಣನ್ನು ಕೈಯಲ್ಲಿ ಹಿಡಿದು ಕಲಿಯುವುದು ಸುಲಭ. ಚೆನ್ನಾಗಿ ಮಾಗಿದ ಹಣ್ಣನ್ನು ಹೆಬ್ಬೆರಳು ತೋರುಬೆರಳ ನಡುವೆ ಅದುಮಿ. ಕೆಂಪು ಸಿಪ್ಪೆ ಒಡೆದು ಎರಡು ಬೀಜ ಜಾರಿ ಹೊರಬರುತ್ತವೆ. ಬೆರಳಿಗೆ ಅಂಟುವ ಲೋಳೆಯನ್ನು ತೊಳೆದರೆ ಕೆನೆಬಣ್ಣದ ಗಟ್ಟಿ ಹೊಟ್ಟು ಕಾಣುತ್ತದೆ. ಅದೇ ಪಾರ್ಚ್‌ಮೆಂಟ್. ಹಿಂದೆ ಬರೆಯಲು ಬಳಸುತ್ತಿದ್ದ ಹದಮಾಡಿದ ಚರ್ಮದ ಹಾಳೆಗೆ ಇಂಗ್ಲಿಷಿನಲ್ಲಿ ಇದ್ದ ಹೆಸರು ಅದು. ಒಣಗಿದ ಹೊಟ್ಟು ಹಾಗೆಯೇ ಕಾಣುವುದರಿಂದ ಇದಕ್ಕೂ ಅಂಟಿತು. ಹೊಟ್ಟಿನ ಒಳಗೆ ಬೆಳ್ಳಿಯಂಥ ತೆಳು ಪೊರೆ, ಅದರೊಳಗೆ ಬೀಜ. ಕೆಲವು ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದಿರುತ್ತದೆ. ದರಪಟ್ಟಿಯಲ್ಲಿ ‘ಪಿಬಿ’ ಎಂದು ಕಾಣುವ ಪೀಬೆರ್ರಿ ಅದೇ.

ಈಗ ವ್ಯಾಪಾರದ ಪದಗಳಿಗೆ ಬನ್ನಿ. ಹಣ್ಣನ್ನು ಕೊಯ್ದ ದಿನವೇ ಪಲ್ಪರ್‌ಗೆ, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ ಹಾಕಿ, ಲೋಳೆ ಕಳೆದು, ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಇಡೀ ಹಣ್ಣನ್ನು ಹಾಗೆಯೇ ಕಣದಲ್ಲಿ ಹರಡಿ ಒಣಗಿಸಿದರೆ ಚೆರ್ರಿ. ಪಲ್ಪಿಂಗ್ ಮಾಡದ ರೋಬಸ್ಟಾ ತೋಟಗಳು ದಕ್ಷಿಣ ಕೊಡಗಿನಲ್ಲಿ ಹೆಚ್ಚು, ಹಾಗಾಗಿ ಅಲ್ಲಿ ಬಾಯಲ್ಲಿ ಓಡಾಡುವ ಪದ ಚೆರ್ರಿ. ಸೋಮವಾರಪೇಟೆ, ಮಾದಾಪುರದ ಅರೇಬಿಕಾ ಕಡೆ ಪಾರ್ಚ್‌ಮೆಂಟ್ ಮಾತು ಹೆಚ್ಚು.

ದರವನ್ನು ಹೇಳುವುದು 50 ಕೆಜಿಯ ಚೀಲಕ್ಕೆ. ಆದರೆ ಎರಡು ಚೀಲದಲ್ಲೂ ಇರುವ ಬೀಜದ ತೂಕ ಒಂದೇ ಅಲ್ಲ. ಅರೇಬಿಕಾ ಪಾರ್ಚ್‌ಮೆಂಟ್ ಚೀಲದಲ್ಲಿ ಹೊಟ್ಟು ಹೋದ ಮೇಲೆ ಹೆಚ್ಚುಕಡಿಮೆ 40 ಕೆಜಿ ಬೀಜ ಉಳಿಯುತ್ತದೆ. ರೋಬಸ್ಟಾ ಚೆರ್ರಿ ಚೀಲದಲ್ಲಿ ಉಳಿಯುವುದು 24ರಿಂದ 28 ಕೆಜಿ. ಹೀಗೆ ಉಳಿಯುವ ತೂಕವೇ ಔಟ್‌ಟರ್ನ್, ಬಾಯಿಮಾತಿನಲ್ಲಿ ‘ಓಟಿ’. ಚೆರ್ರಿ ಮಾರುವವರು ಬೇರೆ ಯಾವ ಪದ ಮರೆತರೂ ಇದನ್ನು ಮರೆಯಬಾರದು.

ಲೆಕ್ಕ ಹೀಗೆ. ರಾಶಿಯ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಬೆರೆಸಿ, ಅದರಲ್ಲಿ 500 ಗ್ರಾಂ ತೂಗಿ, ಸ್ಯಾಂಪಲ್ ಹಲ್ಲರ್‌ನಲ್ಲಿ ಸಿಪ್ಪೆ ಬಿಡಿಸಿ. ಬೀಜ 260 ಗ್ರಾಂ ಬಂದರೆ ಶೇ 52. 50 ಕೆಜಿಗೆ 26 ಓಟಿ, ಅಂದರೆ 26 ಕೆಜಿ ಬೀಜ. ಓಟಿಗೆ 200 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಚೀಲಕ್ಕೆ 5,200. ಅದೇ ಮಾಲು 28 ಓಟಿ ಬಂದಿದ್ದರೆ 5,600. ‘ಚೆರ್ರಿ ಇಷ್ಟಂತೆ’ ಎಂಬ ಒಂದೇ ಅಂಕಿ ಹಿಡಿದು ಹೊರಟವರಿಗೆ ಈ 400 ರೂಪಾಯಿ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಮೇಲಿನ ಪದರದಿಂದ ಮಾತ್ರ ಸ್ಯಾಂಪಲ್ ತೆಗೆಯಲು ಬಿಡಬೇಡಿ. ರಾಶಿಯಲ್ಲಿ ಹಗುರ ಕಾಯಿ, ಭಾರದ ಕಾಯಿ ಸಮನಾಗಿ ಬೆರೆತಿರುವುದಿಲ್ಲ.

ಓಟಿ ಇಳಿಯುವುದಕ್ಕೆ ಕಾರಣಗಳು ತೋಟದಲ್ಲೂ ಇರುತ್ತವೆ, ಕಣದಲ್ಲೂ ಇರುತ್ತವೆ: ಬಲಿಯದ ಕಾಯಿ ಕೊಯ್ದದ್ದು, ಜೊಳ್ಳು, ಕಾಯಿಕೊರಕ ತಿಂದ ಬೀಜ, ಪೂರ್ತಿ ಒಣಗದ ಸಿಪ್ಪೆ. ಒಣಗಿದ್ದು ಸಾಕೋ ಎಂದು ನೋಡಲು ಒಂದು ಹಿಡಿ ಚೆರ್ರಿಯನ್ನು ಕಿವಿಯ ಬಳಿ ಕುಲುಕಿ. ಒಳಗೆ ಬೀಜ ಗಲಗಲ ಅನ್ನಬೇಕು. ಇದು ಅಂದಾಜಿಗೆ ಮಾತ್ರ, ಮಾರುವ ಮುನ್ನ ಮೀಟರ್‌ನಲ್ಲಿ ತೇವಾಂಶ ನೋಡಿಸಲೇಬೇಕು. ರೋಬಸ್ಟಾ ಚೆರ್ರಿಗೆ ಶೇ 11, ಪಾರ್ಚ್‌ಮೆಂಟ್‌ಗೆ ಶೇ 10 ಇರಬೇಕಾದ ಅಳತೆ.

ಇನ್ನು ‘ಹಣ್ಣು’. ಕೆಲವರು ಹಸಿ ಹಣ್ಣನ್ನೇ ಕೆಜಿ ಲೆಕ್ಕದಲ್ಲಿ ಕೊಳ್ಳುತ್ತಾರೆ, ಅದನ್ನೂ ಚೆರ್ರಿ ಎಂದೇ ಕರೆಯುವುದುಂಟು. ಒಂದು ಕೆಜಿ ಬೀಜಕ್ಕೆ ರೋಬಸ್ಟಾ ಹಣ್ಣು ನಾಲ್ಕೂವರೆಯಿಂದ ಐದು ಕೆಜಿ, ಅರೇಬಿಕಾ ಐದರಿಂದ ಆರು ಕೆಜಿ ಬೇಕು. ಹಣ್ಣಿನ ದರವನ್ನು ಒಣ ಚೆರ್ರಿಯ ದರದ ಪಕ್ಕ ಇಟ್ಟು ಹೋಲಿಸಿದರೆ ಮೋಸವಾಗುತ್ತದೆ; ಎರಡನ್ನೂ ಮೊದಲು ಬೀಜದ ತೂಕಕ್ಕೆ ಇಳಿಸಿಕೊಳ್ಳಿ.

‘ಪ್ಲಾಂಟೇಷನ್’ ಇನ್ನೊಂದು ಬಲೆ. ನಮ್ಮ ಬಾಯಲ್ಲಿ ಅದು ದೊಡ್ಡ ತೋಟ. ದರಪಟ್ಟಿಯ ‘ಪ್ಲಾಂಟೇಷನ್ ಎ’ಗೂ ತೋಟದ ವಿಸ್ತಾರಕ್ಕೂ ಸಂಬಂಧವೇ ಇಲ್ಲ. ತೊಳೆದು ತಯಾರಿಸಿದ ಅರೇಬಿಕಾ ಬೀಜಕ್ಕೆ ಅದು ದರ್ಜೆಯ ಹೆಸರು. ಎರಡು ಎಕರೆಯವರ ಪಾರ್ಚ್‌ಮೆಂಟ್ ಕೂಡ ಹೊಟ್ಟು ಬಿಡಿಸಿ ದರ್ಜೆ ವಿಂಗಡಿಸುವ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಿಂದ ಪ್ಲಾಂಟೇಷನ್ ಆಗಿಯೇ ಹೊರಬರುತ್ತದೆ. ಒಣಗಿಸಿ ತಯಾರಿಸಿದ ಅರೇಬಿಕಾ ಬೀಜ ಮಾತ್ರ ದರ್ಜೆಯಲ್ಲೂ ‘ಅರೇಬಿಕಾ ಚೆರ್ರಿ’ಯಾಗಿ ಉಳಿಯುತ್ತದೆ. ‘ಎ’, ‘ಎಬಿ’, ‘ಸಿ’ ಇವು ಬೀಜದ ಗಾತ್ರ ಹೇಳುವ ಅಕ್ಷರಗಳು, ರುಚಿಗೆ ಕೊಟ್ಟ ಅಂಕಗಳಲ್ಲ.

‘ಗ್ರೀನ್’ ಕೂಡ ಹಾಗೆಯೇ. ಕೊಯ್ಲಿನ ಹೊತ್ತಿನಲ್ಲಿ ‘ಗ್ರೀನ್ ಜಾಸ್ತಿ ಬಂದಿದೆ’ ಎಂದರೆ ಹಸಿರು ಕಾಯಿ, ಅಂದರೆ ದೂರು. ಹುರಿಯುವವರು ‘ಗ್ರೀನ್ ಕಳಿಸಿ’ ಎಂದರೆ ಹುರಿಯದ ಬೀಜ. ‘ಕ್ಲೀನ್ ಕಾಫಿ’ ಎಂದರೆ ಸಿಪ್ಪೆ, ಹೊಟ್ಟು ಬಿಡಿಸಿದ ಕಾಫಿ. ನೀರಲ್ಲಿ ತೊಳೆದದ್ದು ಎಂದು ತಿಳಿಯಬೇಡಿ.

ಈಗಿನ ಪೊಟ್ಟಣಗಳ ಮೇಲೆ ಬರುವ ಪದಗಳು ಹೊಸವು, ಕೆಲಸ ಹಳೆಯದು. ‘ನ್ಯಾಚುರಲ್’ ಎಂದರೆ ನಮ್ಮ ಚೆರ್ರಿ, ‘ವಾಶ್ಡ್’ ಎಂದರೆ ತೊಳೆದ ಪಾರ್ಚ್‌ಮೆಂಟ್. ‘ಹನಿ’ ಎಂದರೆ ಸಿಪ್ಪೆ ತೆಗೆದು, ಲೋಳೆಯನ್ನು ಬೀಜದ ಮೇಲೆ ಉಳಿಸಿ ಒಣಗಿಸಿದ್ದು. ಮಡಿಕೇರಿಯ ಅಂಗಡಿಗಳಲ್ಲಿ ಕಾಫಿಪುಡಿಯ ಪಕ್ಕದಲ್ಲೇ ಕೊಡಗಿನ ಜೇನು ಇಟ್ಟಿರುತ್ತಾರೆ. ಹನಿ ಕಾಫಿಗೆ ಜೇನು ಬೆರೆಸಿಲ್ಲ ಎಂದು ಬಂದವರಿಗೆ ಬಿಡಿಸಿ ಹೇಳಿ.

ಮಾಲಿನ ಬಗ್ಗೆ ಫೋನಿನಲ್ಲಿ ಸಂದೇಶ ಕಳಿಸುವಾಗ ‘ಚೆರ್ರಿ ಇದೆ, ರೇಟ್ ಹೇಳಿ’ ಎಂದು ಬಿಡಬೇಡಿ. ಹೀಗೆ ಬರೆಯಿರಿ: ‘ರೋಬಸ್ಟಾ ಒಣ ಚೆರ್ರಿ, 50 ಕೆಜಿಯ 40 ಚೀಲ, ತೇವಾಂಶ 11, ನಮ್ಮ ಸ್ಯಾಂಪಲ್‌ನಲ್ಲಿ 26 ಓಟಿ. ಓಟಿಗೆ ಎಷ್ಟು? ಖಾಲಿ ಚೀಲದ ತೂಕ ಎಷ್ಟು ಕಳೆಯುತ್ತೀರಿ? ಲಾರಿ ಬಾಡಿಗೆ ಯಾರದು?’ ಉತ್ತರವನ್ನೂ ಬರಹದಲ್ಲೇ ಪಡೆದುಕೊಂಡು, ಅವರು ಓಟಿ ತೆಗೆಯುವಾಗ ಪಕ್ಕದಲ್ಲಿ ನಿಂತು ತಕ್ಕಡಿ ನೋಡಿ.