ಕೋಳಿ ಜೊತೆ ಮಲಗೋದು ಅಂದ್ರೇನು? ಡಚ್ ಕಲಿತ ನನ್ನ ಅನುಭವ

ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಮನೆ ಬದಲಾಯಿಸುವಾಗ ನಮ್ಮ ಹಳೆ ಮಂಚವನ್ನು ಮಾರಾಟಕ್ಕೆ ಇಟ್ಟಿದ್ದೆ. ಒಬ್ಬರು ನೋಡಲು ಬಂದರು. ಹಲಗೆ ಎತ್ತಿ ನೋಡಿದರು, ಕಾಲು ಅಲ್ಲಾಡಿಸಿದರು, ಟೇಪು ಹಿಡಿದು ಅಳತೆ ತೆಗೆದರು. ಕೊನೆಗೆ 'ಇಕ್ ಸ್ಲಾಪ್ ಎರ್ ಅನ್ ನಖ್ಟ್ಯೆ ಓವರ್' ಅಂದರು. ನನ್ನ ಡಚ್ ಆಗಿನ್ನೂ ಅಂಬೆಗಾಲಿಡುತ್ತಿತ್ತು. ಸ್ಲಾಪ್ ಅಂದ್ರೆ ಮಲಗೋದು, ನಖ್ಟ್ಯೆ ಅಂದ್ರೆ ಒಂದು ರಾತ್ರಿ, ಓವರ್ ಅಂದ್ರೆ ಮೇಲೆ. ಒಂದು ರಾತ್ರಿ ಮಂಚದ ಮೇಲೆ ಮಲಗಿ ನೋಡ್ತಾರಂತೆ! 'ಅದೆಲ್ಲ ಬೇಡ, ಮಂಚ ಗಟ್ಟಿಯಾಗಿದೆ' ಅಂದುಬಿಟ್ಟೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಪಾಪ, ಅವರು ಹೇಳಿದ್ದು 'ಬೆಳಗಾಗಲಿ, ಯೋಚಿಸಿ ಹೇಳ್ತೀನಿ' ಅಂತ. ಇಂಗ್ಲಿಷಿನ 'ಸ್ಲೀಪ್ ಆನ್ ಇಟ್' ಕೂಡ ಇದೇ. ಆದರೆ ಎದುರಿಗೆ ಮಂಚವೇ ನಿಂತಿದ್ದಾಗ ಅದು ಹೊಳೆಯೋದು ಹೇಗೆ?

ಆವತ್ತೇ ಒಂದು ನೋಟ್‌ಬುಕ್ ತಂದೆ. ನಿದ್ದೆಯ ಮಾತುಗಳಿಂದಲೇ ಶುರು ಮಾಡಿದೆ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಇಲ್ಲಿ ಚಿಕ್ಕ ಮಕ್ಕಳನ್ನು ಸಂಜೆ ಏಳೂವರೆ ಅಷ್ಟೊತ್ತಿಗೆಲ್ಲ ಮಲಗಿಸುತ್ತಾರೆ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಸುಮಾರಿಗೆ. ಹಾಡಹಗಲಲ್ಲಿ ಮಗಳನ್ನು ಮಲಗಿಸುವ ಕಷ್ಟ ಸ್ಕೂಲ್ ಗೇಟಿನ ಹತ್ತಿರ ನಿಂತ ಅಪ್ಪ ಅಮ್ಮಂದಿರಿಗೆಲ್ಲ ಗೊತ್ತು. ಅಲ್ಲಿ ಮಾತು ಅಂದ್ರೆ ನಿದ್ದೆಯ ಮಾತೇ.

ನೋಟ್‌ಬುಕ್ಕಿನಲ್ಲಿ ಮೊದಲು ಎರಡೇ ಕಾಲಂ ಇದ್ದವು. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಡಚ್. ಎರಡೂ ಅಕ್ಕ ತಂಗಿ ಭಾಷೆ, ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಬಹುದು ಅಂತ ನನ್ನ ಲೆಕ್ಕಾಚಾರ. ಅದು ತಲೆಕೆಳಗಾಗಿದ್ದು ಒಂದು ಶುಕ್ರವಾರ ಸಂಜೆ, ಆಫೀಸಿನ ವ್ರೈಮಿಬೋದಲ್ಲಿ. ವಾರದ ಕೆಲಸ ಮುಗಿಸಿ ಎಲ್ಲರೂ ಒಟ್ಟಿಗೆ ಕುಡಿಯುತ್ತಾ ಹರಟುವುದಕ್ಕೆ ಇಲ್ಲಿ ಹಾಗನ್ನುತ್ತಾರೆ. ಸುಸ್ತಾಗಿತ್ತು, ಮನೆಗೆ ಹೋಗಿ ಮಲಗ್ತೀನಿ ಅನ್ನಬೇಕಿತ್ತು. ಇಂಗ್ಲಿಷಿನ 'ಹಿಟ್ ದ ಸ್ಯಾಕ್' ಅನ್ನು ಡಚ್‌ಗೆ ತಿರುಗಿಸಿ ಧೈರ್ಯವಾಗಿ ಹೇಳಿದೆ. ಡಚ್‌ನಲ್ಲಿ ಚೀಲಕ್ಕೆ 'ಝಕ್' ಅನ್ನುತ್ತಾರೆ. ಗಂಡಸರ ದೇಹದ ಒಂದು ಭಾಗಕ್ಕೂ ಅದೇ ಪದ. ಅದಕ್ಕೆ ಹೊಡೀತೀನಿ ಅಂದಿದ್ದೆ ನಾನು. ಟೇಬಲ್ ಸುತ್ತ ಎದ್ದ ನಗು ಇವತ್ತಿಗೂ ಕಿವಿಯಲ್ಲಿದೆ.

ನಕ್ಕು ಮುಗಿಸಿದ ಮೇಲೆ ಸಹೋದ್ಯೋಗಿಯೊಬ್ಬ ಸರಿಯಾದ ಮಾತು ಹೇಳಿಕೊಟ್ಟ. 'ಇಕ್ ಖಾ ಒಂಡರ್ ಡೆ ವೊಲ್.' ಉಣ್ಣೆಯ ಕೆಳಗೆ ಹೋಗ್ತೀನಿ. ರೈಲಿನಲ್ಲಿ ಮನೆಗೆ ಬರುವಾಗ ಅದನ್ನೇ ಮೆಲುಕು ಹಾಕುತ್ತಿದ್ದೆ. ಉಣ್ಣೆ ಅಂದ್ರೆ ಕಂಬಳಿ ಅಲ್ವಾ! ನಮ್ಮಜ್ಜ ದಿನಾ ರಾತ್ರಿ ಮಾಡುತ್ತಿದ್ದದ್ದೂ ಅದನ್ನೇ. ಕಂಬಳಿ ಮುಸುಕು ಹಾಕಿಕೊಂಡರೆ ಮುಗೀತು, ಯಾರು ಕರೆದರೂ ಓಗೊಡುತ್ತಿರಲಿಲ್ಲ. ನಾನ್ಯಾಕೆ ಇಂಗ್ಲಿಷಿನ ಚೀಲ ಹೊತ್ತುಕೊಂಡು ತಿರುಗುತ್ತಿದ್ದೇನೆ ಅನ್ನಿಸಿತು. ಮನೆಗೆ ಬಂದವನೇ ಮೂರನೇ ಕಾಲಂ ಎಳೆದು ಮೇಲೆ 'ಕನ್ನಡ' ಅಂತ ಬರೆದೆ.

ಅಲ್ಲಿಂದ ಮಾತುಗಳು ತಲೆಯಲ್ಲಿ ನಿಲ್ಲತೊಡಗಿದವು. ಎಲ್ಲಕ್ಕಿಂತ ಖುಷಿ ಕೊಟ್ಟದ್ದು 'ಸ್ಲಾಪ್ ಲೆಕ್ಕರ್'. ರಾತ್ರಿ ಮಲಗುವಾಗ ಇಲ್ಲಿ ಎಲ್ಲರೂ ಹೇಳುವ ಮಾತು. ಲೆಕ್ಕರ್ ಅಂದ್ರೆ ರುಚಿ. ಸೂಪು ಲೆಕ್ಕರ್, ಬಿಸಿಲು ಲೆಕ್ಕರ್, ಸುಮ್ನೆ ಸೋಫಾದಲ್ಲಿ ಕಾಲು ಚಾಚಿ ಕೂತರೂ ಲೆಕ್ಕರ್. ಇಂಗ್ಲಿಷಿನವರು ಇದೇ ಹೊತ್ತಿಗೆ 'ಸ್ಲೀಪ್ ಟೈಟ್' ಅಂದು, ತಿಗಣೆ ಕಚ್ಚದಿರಲಿ ಅಂತ ಬಾಲ ಬೇರೆ ಸೇರಿಸುತ್ತಾರೆ. ಅಲ್ಲಿ ಟೈಟ್ ಅಂದ್ರೆ ಗಾಢವಾಗಿ ಅಂತ, ಬಿಗಿಯಾಗಿ ಅಂತಲ್ಲ. ಹಗ್ಗದ ಮಂಚ ಬಿಗಿಯುತ್ತಿದ್ದರಿಂದ ಈ ಮಾತು ಬಂತು ಅನ್ನೋದು ಆಮೇಲೆ ಕಟ್ಟಿದ ಕಥೆ. ಡಚ್‌ನ ರುಚಿ ನಿದ್ದೆಗೆ ಇಂಗ್ಲಿಷಿನಲ್ಲಿ ಜೋಡಿಯೇ ಸಿಗಲಿಲ್ಲ. ನಮ್ಮಲ್ಲಿ? ಸವಿನಿದ್ದೆ! ಸವಿ ಅಂದ್ರೂ ರುಚಿಯೇ. ಅದನ್ನು ಬರೆಯುವಾಗ ಪೆನ್ನು ಸ್ವಲ್ಪ ಜೋರಾಗೇ ಓಡಿತು.

ಹಾಗಂತ ಕನ್ನಡವೂ ಎಲ್ಲ ಸಲ ಕೈ ಹಿಡಿಯಲಿಲ್ಲ. 'ಮೆಟ್ ಡೆ ಕಿಪ್ಪನ್ ಓಪ್ ಸ್ಟೋಕ್' ಅಂದ್ರೆ ಕೋಳಿಗಳ ಜೊತೆ ಕೋಲಿನ ಮೇಲೆ ಹೋಗಿ ಕೂರೋದು. ಕೋಳಿ ಅಂದ ತಕ್ಷಣ ನನಗೆ ಬೆಳಗಿನ ಜಾವ ನೆನಪಾಯಿತು. ಕೋಳಿ ಕೂಗೋ ಮುಂಚೆ ಏಳೋದು. ಅದಲ್ಲದಿದ್ದರೆ ಕೋಳಿನಿದ್ದೆ, ಸಣ್ಣ ಸದ್ದಿಗೂ ಎಚ್ಚರವಾಗುವ ನಿದ್ದೆ. ಎರಡೂ ತಪ್ಪು. ಕತ್ತಲಾಗುವ ಹೊತ್ತಿಗೆ ಕೋಳಿ ಗೂಡಿನ ಅಡ್ಡಕೋಲು ಏರುತ್ತದಲ್ಲ, ಹಾಗೆ ಬೇಗ ಮಲಗುವವರಿಗೆ ಈ ಮಾತು. ನಮ್ಮ ಕೋಳಿಗೆ ಬೆಳಗಿನ ಡ್ಯೂಟಿ, ಇವರ ಕೋಳಿಗೆ ಸಂಜೆಯದು.

ಗೂಬೆ ಇನ್ನೂ ಜಾಸ್ತಿ ಗೊಂದಲ ಮಾಡಿತು. ಪಕ್ಕದ ಮನೆ ಅಜ್ಜಿ ಮಧ್ಯಾಹ್ನ ಊಟ ಆದ ಮೇಲೆ 'ಅನ್ ಔಲ್ಟ್ಯೆ ಕ್ನಪ್ಪನ್' ಅನ್ನುತ್ತಿದ್ದರು. ಔಲ್ ಅಂದ್ರೆ ಗೂಬೆ. ಮನೆ ಮೇಲೆ ಗೂಬೆ ಕೂತರೆ ಅಪಶಕುನ ಅನ್ನುವ ಊರಿನವನು ನಾನು. ನಿದ್ದೆಗೆಟ್ಟು ಕೂರುವವರಿಗೆ ಇಂಗ್ಲಿಷಿನಲ್ಲಿ 'ನೈಟ್ ಔಲ್' ಅನ್ನುತ್ತಾರೆ, ಇದೂ ಅದೇ ಇರಬೇಕು ಅಂದುಕೊಂಡೆ. ಅಜ್ಜಿ ಮಾತ್ರ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಯೇ ಬಿಟ್ಟರು. ಹತ್ತು ನಿಮಿಷದ ಜೊಂಪು! ಎದ್ದ ಮೇಲೆ ಅವರೇ ವಿವರಿಸಿದರು. ರಾತ್ರಿ ಹಾರುವ ಪತಂಗಕ್ಕೂ ಔಲ್ ಅನ್ನುತ್ತಾರೆ, ಮಾತು ಬಂದದ್ದು ಪತಂಗ ಹಿಡಿಯೋದರಿಂದ ಅಂತೆ.

ಉಳಿದವು ಬೇಗ ಬೇಗ ಸೇರಿದವು. ಗಾಢ ನಿದ್ದೆಗೆ ಇಲ್ಲಿ ಗುಲಾಬಿಯೂ ಇದೆ, ಎತ್ತೂ ಇದೆ. ಗುಲಾಬಿ ಯಾಕೆ ನಿದ್ದೆ ಮಾಡುತ್ತೆ ಅಂತ ನನ್ನನ್ನು ಕೇಳಬೇಡಿ. ಎತ್ತಿನ ಪಕ್ಕ ಕುಂಭಕರ್ಣ ಅಂತ ಬರೆದೆ. ಬೆಳಗ್ಗೆ ಸಿಡುಕುತ್ತಾ ಎದ್ದವರಿಗೆ ನಾವು ಎದ್ದ ಮಗ್ಗುಲು ಸರಿಯಿಲ್ಲ ಅನ್ನುತ್ತೇವೆ. ಇಂಗ್ಲಿಷಿನಲ್ಲೂ ಮಗ್ಗುಲೇ. ಡಚ್‌ನಲ್ಲಿ ಮಾತ್ರ ತಪ್ಪು ಕಾಲು ಊರಿ ಹಾಸಿಗೆಯಿಂದ ಇಳಿದದ್ದು. ಬಲಗಾಲಿಟ್ಟು ಒಳಗೆ ಬಾ ಅಂತ ಕೇಳಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾ? ಹೊತ್ತೇರುವ ತನಕ ಮಲಗುವವರು ಇಲ್ಲಿ ಹಗಲಿಗೆ ತೂತು ಕೊರೆಯುತ್ತಾರೆ, 'ಅನ್ ಖಟ್ ಇನ್ ಡೆ ಡಖ್ ಸ್ಲಾಪನ್'. ಇದನ್ನು ಹಾಗೇ ಕನ್ನಡಕ್ಕೆ ಕದ್ದುಬಿಟ್ಟೆ. ಭಾನುವಾರ ಹನ್ನೊಂದಕ್ಕೆ ಎದ್ದರೆ ಹೆಂಡತಿ 'ಏನ್ರೀ, ಹಗಲಿಗೆ ತೂತು ಬಿತ್ತಾ' ಅಂತಲೇ ಕೇಳುತ್ತಾಳೆ.

ಇದ್ದಕ್ಕಿದ್ದಂತೆ ಒಂದು ದಿನ ಕನ್ನಡದಿಂದ ಡಚ್‌ಗೆ ಹೋಗಿ ನೋಡೋಣ ಅನ್ನಿಸಿತು. ಲೈಬ್ರರಿಯಲ್ಲಿ ತಾಲ್‌ಕಫೇ ನಡೆಯುತ್ತದೆ, ನಮ್ಮಂಥ ಹೊಸಬರು ಕೂತು ಡಚ್ ಮಾತಾಡುವ ಜಾಗ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನೋದನ್ನು ಅಲ್ಲಿ ಒಂದೊಂದೇ ಪದ ಜೋಡಿಸಿ ಹೇಳಿದೆ. ಕಾಫಿ ಕುಡಿಯುತ್ತಿದ್ದ ಹಿರಿಯ ಸ್ವಯಂಸೇವಕರು ಕಪ್ ಕೆಳಗಿಟ್ಟು ಸ್ವಲ್ಪ ಯೋಚಿಸಿದರು.

'ಯಾವ ಸಂತೆ? ವ್ರೇಡನ್‌ಬರ್ಖ್ ಚೌಕದ ಶನಿವಾರದ್ದಾ? ಅಲ್ಲಿ ಮಲಗೋಕೆ ಜಾಗ ಎಲ್ಲಿದೆ?'