ಇಂಗ್ಲೆಂಡಲ್ಲಿ ಹುಳುಕಡ್ಡಿ ಎದ್ರೆ ಎಲ್ಲಿಗೆ ಹೋಗ್ಬೇಕು, ಏನ್ ಹೇಳ್ಬೇಕು: ಮಲ್ನಾಡಿಂದ ಬಂದವ್ರಿಗೆ

ಊರಿಂದ ಬರುವಾಗ ಸೂಟ್‌ಕೇಸಲ್ಲಿ ಚರ್ಮಕ್ಕೆ ಹಚ್ಚೋ ಟ್ಯೂಬ್ ಏನಾದ್ರೂ ತಂದಿದ್ರೆ ಈಗ್ಲೇ ತೆಗ್ದು ಹಿಂದೆ ಸಣ್ಣಕ್ಷರದಲ್ಲಿ ಏನ್ ಬರ್ದಿದೆ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಈ ಥರದ ಹೆಸ್ರು ಇದ್ರೆ ಅದ್ರಲ್ಲಿ ಸ್ಟೀರಾಯ್ಡ್ ಇದೆ ಅಂತ ಅರ್ಥ, ಹುಳುಕಡ್ಡಿಗೆ ಅದನ್ನ ಹಚ್ಬೇಡಿ. ನಾನು ಹಚ್ಚಿ ಅನುಭವಿಸಿದೀನಿ, ಅದಕ್ಕೇ ಇಷ್ಟು ಉದ್ದ ಬರೀತಾ ಇರೋದು.

ನಮ್ಮದು ತೀರ್ಥಹಳ್ಳಿ ಕಡೆ. ಜೂನಿಂದ ಸೆಪ್ಟೆಂಬರ್ ತನಕ ನಮ್ ಕಡೆ ಬಟ್ಟೆ ಒಣಗೋದೇ ಇಲ್ಲ, ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಹಾಕಿದ್ರೂ ಒಳಚಡ್ಡಿ ಹಸಿಹಸಿಯಾಗೇ ಇರ್ತದೆ, ಅದನ್ನೇ ಹಾಕ್ಕೊಂಡು ತೋಟಕ್ಕೆ ಔಷಧಿ ಹೊಡ್ಸೋಕೆ ಹೋಗೋದು, ತೊಡೆಸಂದಿಲಿ ಉಂಗುರದ ಹಾಗೆ ಏಳದೇ ಇನ್ನೇನಾಗ್ತದೆ. ಪೇಟೆಲಿ ಮೆಡಿಕಲ್ ಶಾಪಲ್ಲಿ ತೋರ್ಸದೆ ಬಾಯಲ್ಲಿ ಹೇಳಿದ್ದಕ್ಕೇ ಒಂದು ಟ್ಯೂಬ್ ಕೊಟ್ರು. ಎರಡೇ ದಿನಕ್ಕೆ ತುರಿಕೆ ಮಾಯ. ಬಿಟ್ರೆ ಮತ್ತೆ ಬರ್ತದೆ, ಮತ್ತೆ ಹಚ್ಚೋದು. ಹಾಗೇ ಮೂರು ಟ್ಯೂಬ್ ತಗೊಂಡು ಲೀಡ್ಸಿಗೆ ಬಂದೆ, ಡಿಸೆಂಬರ್ ಹೊತ್ತಿಗೆ ಸೊಂಟ ಹೊಟ್ಟೆ ಎಲ್ಲ ಹಬ್ಬಿತ್ತು.

ಹುಳುಕಡ್ಡಿ ಬರೋದು ಹುಳದಿಂದಲ್ಲ, ಫಂಗಸ್ಸಿಂದ. ಆ ಟ್ಯೂಬಲ್ಲಿ ಫಂಗಸ್ ಸಾಯ್ಸೋ ಔಷಧಿನೂ ಇರ್ತದೆ, ಜೊತೆಗೆ ಒಂದು ಆಂಟಿಬಯಾಟಿಕ್ಕು, ಜೋರಾದ ಸ್ಟೀರಾಯ್ಡು. ಸ್ಟೀರಾಯ್ಡ್ ಮಾಡೋ ಕೆಲಸ ಏನಂದ್ರೆ ಆ ಜಾಗದಲ್ಲಿ ನಮ್ಮ ಮೈ ಫಂಗಸ್ ಜೊತೆ ಮಾಡೋ ಜಗಳನ್ನ ನಿಲ್ಸೋದು. ತುರಿಕೆ ಆಗೋದೇ ಆ ಜಗಳದಿಂದ, ಹಂಗಾಗಿ ತುರಿಕೆ ನಿಲ್ತದೆ ಆದ್ರೆ ಫಂಗಸ್‌ಗೆ ತಡೆಯೋರಿಲ್ದೆ ಆರಾಮಾಗಿ ಹರಡ್ತದೆ. ಉಂಗುರದ ಅಂಚು ಅಳಿಸಿ ಹೋಗಿ ನೋಡಿದ ಡಾಕ್ಟ್ರಿಗೂ ಇದು ಹುಳುಕಡ್ಡಿ ಅಂತ ಗೊತ್ತಾಗಲ್ಲ, ಇದಕ್ಕೆ ಟೀನಿಯಾ ಇನ್‌ಕಾಗ್ನಿಟೊ ಅಂತಾನೇ ಹೆಸರಿದೆ. ತೊಡೆಸಂದಿ ಚರ್ಮ ತೆಳ್ಳಗಾಗಿ ಗೀರು ಬಿದ್ರೆ ಆ ಗೀರು ಹೋಗೋದೂ ಇಲ್ಲ.

ಈಗ ಇಲ್ಲಿನ ವ್ಯವಸ್ಥೆ. ಊರಲ್ಲಾದ್ರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಲಿ ಚೀಟಿ ಮಾಡ್ಸಿ ನೇರ ಚರ್ಮದ ಡಾಕ್ಟ್ರ ಹತ್ರ ಹೋಗ್ಬೋದು, ಇಲ್ಲಿ ಎನ್‌ಎಚ್‌ಎಸ್‌ನಲ್ಲಿ (ಸರ್ಕಾರಿ ಆರೋಗ್ಯ ಸೇವೆಲಿ) ಹಾಗೆ ಹೋಗಕ್ಕಾಗಲ್ಲ. ಮೊದ್ಲು ಫಾರ್ಮಸಿ, ಆಮೇಲೆ ಜಿಪಿ (ನಾವು ಹೆಸರು ಬರ್ಸಿರೋ ಕ್ಲಿನಿಕ್ಕಿನ ಸಾಮಾನ್ಯ ಡಾಕ್ಟ್ರು), ಜಿಪಿ ಬರ್ದು ಕಳ್ಸಿದ್ರೆ ಮಾತ್ರ ಡರ್ಮಟಾಲಜಿ, ಅಂದ್ರೆ ಚರ್ಮದ ವಿಭಾಗ. ವೀಸಾ ಜೊತೆ ಕಟ್ಟಿದ ಹೆಲ್ತ್ ಸರ್ಚಾರ್ಜ್ ಇದೆಯಲ್ಲ, 2024 ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776, ಅದು ಇದಕ್ಕೇ. ಇಷ್ಟು ಕಟ್ಟಿಯೂ ಊರಿಗೆ ಹೋದಾಗ ತೋರ್ಸಿದ್ರಾಯ್ತು ಅಂತ ವರ್ಷಗಟ್ಲೆ ತುರಿಸ್ಕೊಂಡು ಕೂರೋರನ್ನ ನೋಡಿದ್ರೆ ನನಗೆ ಸಂಕಟ ಆಗ್ತದೆ. ಬಂದ ವಾರದಲ್ಲೇ ಜಿಪಿಲಿ ಹೆಸರು ಬರ್ಸಿ, ಅದಕ್ಕೆ ದುಡ್ಡಿಲ್ಲ, ಅಡ್ರೆಸ್ ಪ್ರೂಫ್ ಇಲ್ಲ ಅಂತ ವಾಪಸ್ ಕಳ್ಸೋ ಹಾಗೂ ಇಲ್ಲ.

ಫಾರ್ಮಸಿ ಅಂದ್ರೆ ನಮ್ಮ ಮೆಡಿಕಲ್ ಶಾಪ್ ಅಂದ್ಕೋಬೇಡಿ. ಕೌಂಟರ್ ಹಿಂದೆ ಇರೋ ಫಾರ್ಮಸಿಸ್ಟ್ ಓದ್ಕೊಂಡವ್ರು, ಅಪಾಯಿಂಟ್‌ಮೆಂಟ್ ಬೇಡ, ಸಲಹೆಗೆ ಫೀಸಿಲ್ಲ, ಸ್ವಲ್ಪ ಒಳಗೆ ಮಾತಾಡ್ಬೋದಾ ಅಂದ್ರೆ ಸಣ್ಣ ರೂಮಿಗೆ ಕರ್ಕೊಂಡು ಹೋಗ್ತಾರೆ, ನಾಚ್ಕೊಳ್ಳೋದು ಬೇಡ. ಹುಳುಕಡ್ಡಿ, ಗಜಕರ್ಣ, ತದ್ದು ಅಂತ ನಾವು ಅನ್ನೋದಕ್ಕೆ ಇಲ್ಲಿ ರಿಂಗ್‌ವರ್ಮ್ ಅಂತಾರೆ, ತೊಡೆಸಂದಿಲಾದ್ರೆ ಜಾಕ್ ಇಚ್, ಕಾಲ್ಬೆರಳ ಸಂದಿಲಾದ್ರೆ ಅಥ್ಲೀಟ್ಸ್ ಫುಟ್. ಟರ್ಬಿನಫೀನ್ 1% ಅಥ್ವಾ ಕ್ಲೋಟ್ರಿಮಜೋಲ್ 1% ಕ್ರೀಮ್ ಡಾಕ್ಟ್ರ ಚೀಟಿ ಇಲ್ದೆ ಕೊಡ್ತಾರೆ. ಜೋರಾದ ಸ್ಟೀರಾಯ್ಡ್ ಮಾತ್ರ ಚೀಟಿ ಇಲ್ದೆ ಎಷ್ಟು ಕೇಳಿದ್ರೂ ಕೊಡಲ್ಲ, ಅದು ಒಳ್ಳೇದೇ. ಉಂಗುರದ ಮೇಲಷ್ಟೇ ಅಲ್ಲ, ಸುತ್ತ ಒಂದೆರಡು ಬೆರಳಷ್ಟು ಚೆನ್ನಾಗಿರೋ ಚರ್ಮಕ್ಕೂ ಹಚ್ಚಿ, ತುರಿಕೆ ನಿಂತ ಕೂಡ್ಲೇ ಬಿಡ್ಬೇಡಿ. ಕ್ಲೋಟ್ರಿಮಜೋಲ್ ಆದ್ರೆ ವಾಸಿಯಾದ ಹಾಗೆ ಕಂಡ್ಮೇಲೂ ಎರಡು ವಾರ ಹಚ್ಬೇಕು. ಮಕ್ಕಳ ತಲೆಲಿ ಎದ್ದು ಕೂದ್ಲು ಉದುರ್ತಾ ಇದ್ರೆ ಕ್ರೀಮಿಂದ ಆಗಲ್ಲ, ಮಾತ್ರೆನೇ ಬೇಕು, ನೇರ ಜಿಪಿಗೇ ಹೋಗಿ.

ಬೆನ್ನು ಎದೆ ಮೇಲೆ ಬೆಳ್ಳಗೆ ಮಚ್ಚೆ ಮಚ್ಚೆ ಆಗೋ ಚಿಬ್ಬು ಬೇರೆ, ಅದಕ್ಕೆ ಕೀಟೋಕೊನಜೋಲ್ ಶಾಂಪೂ ಮೈಗೆ ಹಚ್ಚಿ ಮೂರ್ನಾಲ್ಕು ನಿಮಿಷ ಬಿಟ್ಟು ತೊಳಿಯೋದು, ಐದು ದಿನ. ಫಂಗಸ್ ಸತ್ರೂ ಬಣ್ಣ ವಾಪಸ್ ಬರೋಕೆ ತಿಂಗಳುಗಟ್ಲೆ ಬೇಕು, ಔಷಧಿ ಕೆಲ್ಸ ಮಾಡ್ಲಿಲ್ಲ ಅಂತ ಗಾಬರಿ ಆಗ್ಬೇಡಿ. ಆದ್ರೆ ಬೆಳ್ಳಗಾದ ಜಾಗದಲ್ಲಿ ಮುಟ್ಟಿದ್ದು ಗೊತ್ತಾಗ್ತಿಲ್ಲ ಅಂದ್ರೆ ಅದು ಚಿಬ್ಬಲ್ಲ, ಕುಷ್ಠ ಇರ್ಬೋದು, ಇಲ್ಲಿನ ಡಾಕ್ಟರುಗಳು ಅದನ್ನ ನೋಡಿರೋದೇ ಅಪರೂಪ, ಇಂಡಿಯಾದಿಂದ ಬಂದಿದೀನಿ, ಇಲ್ಲಿ ಸ್ಪರ್ಶ ಇಲ್ಲ ಅಂತ ನೀವೇ ಬಾಯ್ಬಿಟ್ಟು ಹೇಳ್ಬೇಕು. ಮಾತ್ರೆಲಿ ವಾಸಿಯಾಗೋ ಕಾಯಿಲೆ, ಮುಚ್ಚಿಡ್ಬೇಡಿ.

ಕ್ರೀಮ್ ಎರಡು ವಾರ ಸರಿಯಾಗಿ ಹಚ್ಚಿಯೂ ಹೋಗ್ಲಿಲ್ಲ ಅಂದ್ರೆ, ಅಥ್ವಾ ಮೊದ್ಲೇ ಸ್ಟೀರಾಯ್ಡ್ ಹಚ್ಚಿದ್ರೆ, ಜಿಪಿ. ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡೋ ಕ್ಯೂಲಿ ಕೂರೋ ಬದ್ಲು ಸರ್ಜರಿ (ಜಿಪಿ ಕ್ಲಿನಿಕ್ಕಿಗೆ ಇಲ್ಲಿ ಹಾಗಂತಾರೆ) ವೆಬ್‌ಸೈಟಲ್ಲಿ ಫಾರ್ಮ್ ಇದ್ರೆ ಅದ್ರಲ್ಲೇ ಹಾಕಿ, ಫೋಟೋ ಸೇರ್ಸಿ. ಫೋಟೋ ಕಿಟಕಿ ಬೆಳಕಲ್ಲಿ ತೆಗೀರಿ, ಒಂದು ದೂರದಿಂದ ಒಂದು ಹತ್ರದಿಂದ. ಕೆಂಪಗಾಗಿದ್ಯಾ ಅಂತ ಕೇಳ್ತಾರೆ, ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಕಾಣಲ್ಲ, ಕಂದು, ನೇರಳೆ, ಬೂದಿ ಬಣ್ಣ ಕಾಣ್ತದೆ. ಇಲ್ಲ ಅಂದ್ಬಿಟ್ರೆ ಅವ್ರು ಬೇರೇನೋ ಅಂದ್ಕೊಳ್ತಾರೆ, ಅದಕ್ಕೇ ಬಣ್ಣ ಇರೋ ಹಾಗೇ ಹೇಳಿ. ಹೆಂಗಸ್ರಿಗೆ ಲೇಡಿ ಡಾಕ್ಟ್ರೇ ಬೇಕಾದ್ರೆ ಬುಕ್ ಮಾಡುವಾಗ್ಲೇ ಕೇಳ್ಬೋದು, ಇಂಗ್ಲಿಷ್ ಬರದ ಅಮ್ಮನ್ನ ಕರ್ಕೊಂಡು ಹೋಗೋದಾದ್ರೆ ಇಂಟರ್‌ಪ್ರಿಟರ್ ಕೇಳಿ, ಅದಕ್ಕೂ ದುಡ್ಡಿಲ್ಲ.

ಮುಖ್ಯವಾದ್ದು ಇನ್ನೊಂದು. ನಾನು ಮೊದಲ್ನೇ ಸಲ ಹೋದಾಗ ಟ್ಯೂಬ್ ವಿಷ್ಯ ಹೇಳ್ಲಿಲ್ಲ, ಬೈತಾರೆ ಅನ್ನಿಸ್ತು. ಅವ್ರು ಇಸುಬು ಅಂದ್ಕೊಂಡು ಮತ್ತೊಂದು ಸ್ಟೀರಾಯ್ಡ್ ಬರ್ದು ಕೊಟ್ರು, ಇನ್ನೆರಡು ತಿಂಗಳು ಹಾಳಾಯ್ತು. ಎರಡನೇ ಸಲ ಖಾಲಿ ಟ್ಯೂಬನ್ನೇ ಮೇಜಿನ ಮೇಲಿಟ್ಟು, ಸ್ಕಿನ್ ಸ್ಕ್ರೇಪಿಂಗ್ ಮೈಕಾಲಜಿಗೆ (ಫಂಗಸ್ ಪರೀಕ್ಷೆಗೆ) ಕಳ್ಸಿ ಅಂತ ಕೇಳ್ಕೊಂಡೆ. ಅಂಚಿಂದ ಹೊಟ್ಟು ಕೆರ್ದು ಕಪ್ಪು ಕಾಗದದಲ್ಲಿ ಮಡ್ಚಿ ಲ್ಯಾಬಿಗೆ ಕಳಿಸ್ತಾರೆ, ನೋವಿಲ್ಲ. ಮೈಕ್ರೋಸ್ಕೋಪ್ ರಿಪೋರ್ಟ್ ಬೇಗ ಬರ್ತದೆ, ಫಂಗಸ್ ಬೆಳ್ಸಿ ಯಾವ ಜಾತಿ ಅಂತ ಹೇಳೋಕೆ ವಾರಗಳೇ ಬೇಕು. ಹೋಗೋ ಮುಂಚೆ ಆಂಟಿಫಂಗಲ್ ಕ್ರೀಮ್ ಹಚ್ತಾ ಇದ್ರೆ ಫಂಗಸ್ ಇದ್ರೂ ಇಲ್ಲ ಅಂತ ಬರ್ಬೋದು, ಅದನ್ನೂ ಹೇಳಿ.

ಜಾತಿ ಯಾಕೆ ಮುಖ್ಯ ಅಂದ್ರೆ ಟ್ರೈಕೋಫೈಟಾನ್ ಇಂಡೋಟೀನಿಯೇ ಅಂತ ಒಂದಿದೆ. ಜಪಾನಲ್ಲಿ ಇಂಡಿಯಾ ಮತ್ತು ನೇಪಾಳದ ಪೇಶೆಂಟುಗಳ ಚರ್ಮದಲ್ಲಿ ಸಿಕ್ಕಿದ್ದಕ್ಕೆ 2020ರಲ್ಲಿ ಈ ಹೆಸ್ರಿಟ್ರು. ಇದಕ್ಕೆ ಬಹಳ ಸಲ ಟರ್ಬಿನಫೀನ್ ನಾಟೋದೇ ಇಲ್ಲ, ಆ ಔಷಧಿ ಹಿಡ್ಕೊಳ್ಳೋ ಕಿಣ್ವದ ಜೀನೇ ಬದಲಾಗಿರ್ತದೆ. ಲ್ಯಾಬಲ್ಲಿ ಬೆಳ್ಸಿ ನೋಡೋ ಮಾಮೂಲಿ ಕಲ್ಚರಲ್ಲಿ ಇದು ಅದರ ಹತ್ತಿರದ ಜಾತಿಗಳ ಹಾಗೇ ಕಾಣ್ತದೆ, ಡಿಎನ್‌ಎ ನೋಡಿದ್ರೇ ಖಾತ್ರಿ, ಬೇಕಾದ್ರೆ ಬ್ರಿಸ್ಟಲಲ್ಲಿರೋ ಮೈಕಾಲಜಿ ರೆಫರೆನ್ಸ್ ಲ್ಯಾಬಿಗೆ ಕಳಿಸ್ತಾರೆ. ಈಗ ಬ್ರಿಟನ್ನಲ್ಲೂ ಹರಡ್ತಾ ಇದೆ ಆದ್ರೆ ಎಲ್ಲ ಜಿಪಿಗೂ ಗೊತ್ತಿರಲ್ಲ, ಹೆಸ್ರು ಬರ್ಕೊಂಡು ಹೋಗಿ ಮರ್ಯಾದೆಯಿಂದ ಕೇಳಿ, ಯಾರೂ ತಪ್ಪು ತಿಳ್ಕೊಳಲ್ಲ. ಇದಕ್ಕೆ ಸಾಮಾನ್ಯವಾಗಿ ಇಟ್ರಾಕೊನಜೋಲ್ ಕೊಡ್ತಾರೆ, ಕ್ಯಾಪ್ಸೂಲ್ ಊಟ ಆದ್ಕೂಡ್ಲೇ ತಗೋಬೇಕು, ಗ್ಯಾಸಿನ ಮಾತ್ರೆ ಜೊತೆ ತಗೊಂಡ್ರೆ ಮೈಗೆ ಹತ್ತಲ್ಲ. ಹೃದಯದ ತೊಂದ್ರೆ ಇದ್ರೆ, ಕೊಲೆಸ್ಟ್ರಾಲಿನ ಮಾತ್ರೆ ತಗೋತಿದ್ರೆ ಮೊದ್ಲೇ ಹೇಳಿ. ಇಂಗ್ಲೆಂಡಲ್ಲಿ 2024 ಮೇ ಇಂದ ಚೀಟಿಲಿರೋ ಒಂದೊಂದು ಔಷಧಿಗೆ 9.90 ಪೌಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಲ್ಲಿ ಅದೂ ಇಲ್ಲ.

ಉಂಗುರ ಕಂಡಿದ್ದೆಲ್ಲ ಹುಳುಕಡ್ಡಿ ಅಲ್ಲ. ಉಣುಗು ಕಚ್ಚಿದ್ರೆ ಏನಾಗ್ಬೋದು ಅಂತ ನಮ್ಮ ಜಿಲ್ಲೆಯವ್ರಿಗೆ ಹೇಳ್ಕೊಡ್ಬೇಕಿಲ್ಲ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲೇ ಮಂಗನ ಕಾಯಿಲೆ ಪತ್ತೆಯಾಗಿದ್ದು. ಇಲ್ಲಿನ ಉಣುಗಿಂದ ಬರೋದು ಲೈಮ್ ಅನ್ನೋ ಬ್ಯಾಕ್ಟೀರಿಯಾ ಕಾಯಿಲೆ. ನ್ಯೂ ಫಾರೆಸ್ಟೋ ಸ್ಕಾಟ್ಲೆಂಡ್ ಬೆಟ್ಟವೋ ಸುತ್ತಿ ಬಂದು 3ರಿಂದ 30 ದಿನದೊಳಗೆ ಹೊಟ್ಟು ಇಲ್ದೆ, ಅಷ್ಟೇನೂ ತುರಿಕೆ ಇಲ್ದೆ ದಿನದಿನಕ್ಕೆ ಅಗಲ ಆಗೋ ಉಂಗುರ ಕಂಡ್ರೆ ಕ್ರೀಮ್ ಹಚ್ತಾ ಕೂರ್ಬೇಡಿ, ನಮ್ಮ ಚರ್ಮದಲ್ಲಿ ಅದು ಪೆಟ್ಟಾದ ಕಲೆ ಥರ ಕಾಣ್ಬೋದು. ಜಿಪಿಗೆ ಉಣುಗಿನ ವಿಷ್ಯ ಹೇಳಿದ್ರೆ ರಕ್ತ ಪರೀಕ್ಷೆಗೂ ಕಾಯದೆ ಆಂಟಿಬಯಾಟಿಕ್ ಶುರು ಮಾಡ್ತಾರೆ.

ರಾತ್ರಿ ಹೊತ್ತು ತುರಿಕೆ ಜಾಸ್ತಿ, ಬೆರಳ ಸಂದಿ, ಮಣಿಕಟ್ಟು, ಮನೇಲಿ ಇನ್ನೊಬ್ರಿಗೂ ಇದೆ ಅಂದ್ರೆ ಅದು ಕಜ್ಜಿ. ಪರ್ಮೆಥ್ರಿನ್ 5% ಕ್ರೀಮ್ ಮನೆಯವ್ರೆಲ್ಲ ಒಟ್ಟಿಗೆ ಒಂದೇ ದಿನ ಹಚ್ಬೇಕು, ಏಳು ದಿನ ಬಿಟ್ಟು ಮತ್ತೆ. ಒಬ್ರು ತಪ್ಪಿಸ್ಕೊಂಡ್ರೂ ಸುತ್ತಿ ಬರ್ತದೆ, ಶೇರಿಂಗ್ ಮನೆಲಿರೋ ಹುಡುಗ್ರು ನಾಚಿಕೆ ಬಿಟ್ಟು ಪಕ್ಕದ ರೂಮಿನವ್ರಿಗೂ ಹೇಳಿ.

ಇಲ್ಲಿನ ಚಳಿಗಾಲ ಬಟ್ಟೆ ವಿಷ್ಯದಲ್ಲಿ ನಮ್ಮ ಆಷಾಢನೇ. ಒಳಬಟ್ಟೆ, ಟವೆಲ್, ಬೆಡ್‌ಶೀಟ್ 60 ಡಿಗ್ರಿಲಿ ಒಗೀರಿ, ಪೂರ್ತಿ ಒಣಗದೆ ಹಾಕ್ಬೇಡಿ, ಟವೆಲ್ ಒಬ್ಬೊಬ್ರಿಗೆ ಬೇರೆ.

ಅಪ್ಪಯ್ಯ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಾಗ ಅವ್ರಿಗೂ ಜಿಪಿ ನೋಡೋದಕ್ಕೆ ದುಡ್ಡಿಲ್ಲ, ಆದ್ರೆ ಆಸ್ಪತ್ರೆಯ ಡರ್ಮಟಾಲಜಿಗೆ ಕಳ್ಸಿದ್ರೆ ಬಿಲ್ ಬರ್ತದೆ, ಟ್ರಾವೆಲ್ ಇನ್ಶೂರೆನ್ಸಲ್ಲಿ ಹಳೇ ಕಾಯಿಲೆ ಬಿಟ್ಟಿರ್ತಾರೆ ಸಾಮಾನ್ಯವಾಗಿ. ನಮ್ಮ ಅಪ್ಪಯ್ಯ ಹೋದ್ವರ್ಷ ಬರೋ ಮುಂಚೆ ಶಿವಮೊಗ್ಗದಲ್ಲೇ ಚರ್ಮದ ಡಾಕ್ಟ್ರಿಗೆ ತೋರ್ಸಿ, ಸ್ಟೀರಾಯ್ಡ್ ಬಿಡ್ಸಿ, ಮಾತ್ರೆಗಳ ಹೆಸ್ರು ಡೋಸ್ ಒಂದು ಹಾಳೆಲಿ ಇಂಗ್ಲಿಷಲ್ಲಿ ಬರ್ಸಿಕೊಂಡು ಬಂದ್ರು, ಆ ಹಾಳೆ ನೋಡಿ ಇಲ್ಲಿನ ಫಾರ್ಮಸಿಸ್ಟ್ ಐದೇ ನಿಮಿಷದಲ್ಲಿ ಯಾವ್ದು ಹಚ್ಬೋದು ಯಾವ್ದು ಬೇಡ ಅಂತ ಹೇಳಿ ಕಳ್ಸಿದ್ರು.