ಹಳೆ ಪೆಲೆಟ್ ಸಿಗದಿದ್ದರೆ ಹೊಸದು ಆರಿಸುವುದು ಹೇಗೆ?

ಕಾರವಾರ, ಶಿರಸಿ ಕಡೆಯ ಏರ್ ರೈಫಲ್ ಗೆಳೆಯರೇ, ನಿಮ್ಮ ರೈಫಲ್‌ಗೆ ಒಗ್ಗಿದ ಪೆಲೆಟ್ (ಸೀಸದ ಪುಟ್ಟ ಗುಂಡು) ಅಂಗಡಿಯಲ್ಲಿ ಸಿಗುತ್ತಿಲ್ಲ ಅಂತ ಸುಮ್ನೆ ಯಾವುದೋ ಒಂದನ್ನು ರಾಶಿ ತರಿಸಬೇಡಿ.

ಮೊದಲು ಹಳೆ ಡಬ್ಬಿಯ ಮೇಲೆ ತೂಕ, ತಲೆಯ ಅಳತೆ ನೋಡಿ. 10 ಮೀಟರ್ ಗುರಿಗೆ 4.5 ಮಿ.ಮೀ. ಚಪ್ಪಟೆ ತಲೆಯದ್ದೇ ಬೇಕು, ಕಾಗದದಲ್ಲಿ ತೂತು ದುಂಡಗೆ ಬೀಳುತ್ತದೆ. ಹಳೆಯದು 0.53 ಗ್ರಾಂ ಇದ್ದರೆ ಅದರ ಹತ್ತಿರದ್ದೇ ಹುಡುಕಿ. ತಲೆಯ ಅಳತೆ 4.49, 4.50, 4.51 ಹೀಗೆ ಬರುತ್ತದೆ. ಈ ಕೂದಲೆಳೆ ವ್ಯತ್ಯಾಸವನ್ನೂ ಬಿಡಬೇಡಿ. ಟಾರ್ಗೆಟ್‌ನ ನಡುವಿನ ಹತ್ತು ಅಂಕದ ಚುಕ್ಕಿಯೇ ಬರೀ 0.5 ಮಿ.ಮೀ. ಅಲ್ವಾ?

ಎರಡು ಮೂರು ಅಳತೆಯ ಒಂದೊಂದೇ ಡಬ್ಬಿ ತರಿಸಿ. ರೈಫಲನ್ನು ಮರಳಿನ ಚೀಲದ ಮೇಲೆ ಕೂರಿಸಿ, ಪ್ರತಿಯೊಂದರಲ್ಲೂ ಐದೈದರ ಗುಂಪು ಹಲವು ಸಲ ಹೊಡೆಯಿರಿ. ಪೆಲೆಟ್ ಬದಲಿಸಿದ ಕೂಡಲೇ ಹೊಡೆದ ಕೆಲವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗುಂಪು ಪಕ್ಕಕ್ಕೆ ಬಿದ್ದರೆ ಚಿಂತೆಯಿಲ್ಲ, ಸೈಟ್ (ರೈಫಲ್ ಮೇಲೆ ಗುರಿ ನೋಡುವ ಸಾಧನ) ತಿರುಗಿಸಿದರೆ ಸರಿಯಾಗುತ್ತದೆ. ತೂತುಗಳು ಎಷ್ಟು ಒತ್ತಾಗಿವೆ, ಅದನ್ನೇ ನೋಡಿ.

ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಅಂಥದ್ದನ್ನು ಬಳಸಬೇಡಿ, ಬಾಯಲ್ಲಿ ಊದಲೂಬೇಡಿ. ಡಬ್ಬಿಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಪಾತ್ರೆಯಲ್ಲಿಡಿ. ಪೆಲೆಟ್ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳಿಗೂ ಹೇಳಿ.